ಮೂಗು ಬಿಡಿಸುವ ಮಾತ್ರೆಯಿಂದ ತಂದೆಯವರ ನಿದ್ರೆ ಕೆಟ್ಟಿದೆ: ಊರಿನ ಮಾತ್ರೆಯಿಂದ ಹೀಗಾಗುತ್ತಿರಲಿಲ್ಲ, ಏಕೆ?

ಪ್ರಶ್ನೆ (ನ್ಯೂಜೆರ್ಸಿಯಿಂದ)

ನಮ್ಮ ತಂದೆ ತಾಯಿ ಏಪ್ರಿಲ್‌ನಲ್ಲಿ ಶಿವಮೊಗ್ಗದಿಂದ ಇಲ್ಲಿಗೆ ಬಂದಿದ್ದಾರೆ. ಇದು ಇಲ್ಲಿನ ಮರಗಳು ಪರಾಗ ಉದುರಿಸುವ ಕಾಲವಾದ್ದರಿಂದ ತಂದೆಯವರಿಗೆ ಬಂದ ಕೆಲವೇ ದಿನಗಳಲ್ಲಿ ಸೀನು ಹಿಡಿದು, ಮೂಗು ಕಟ್ಟಿಕೊಂಡಿತು. ಔಷಧದ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ, ಸಹಿ ಹಾಕಿ ಪಡೆಯಬೇಕಾದ 24 ಗಂಟೆಗಳ ಅಲರ್ಜಿ ಮಾತ್ರೆಯನ್ನು ತಂದುಕೊಟ್ಟೆ. ಪೆಟ್ಟಿಗೆಯ ಮೇಲೆ ಲೊರಾಟಡಿನ್ 10 ಮಿ.ಗ್ರಾಂ, ಸೂಡೊಎಫೆಡ್ರಿನ್ 240 ಮಿ.ಗ್ರಾಂ ಎಂದಿದೆ. ಮೂಗು ಚೆನ್ನಾಗಿ ಬಿಟ್ಟಿತು, ಆದರೆ ಅಂದಿನಿಂದ ಅವರು ರಾತ್ರಿ ಎರಡು ಗಂಟೆಯಾದರೂ ಹೊರಳಾಡುತ್ತಲೇ ಇರುತ್ತಾರೆ. ಎದೆ ಡವಗುಟ್ಟುತ್ತದೆ ಎನ್ನುತ್ತಾರೆ. ಊರಿನಲ್ಲಿ ನೆಗಡಿಯ ಮಾತ್ರೆ ನುಂಗಿದರೆ ಅರ್ಧ ಗಂಟೆಯಲ್ಲೇ ತೂಕಡಿಸುತ್ತಿದ್ದವರು ಇವರೇ. ಹೊಸ ದೇಶದ ಹಗಲು ರಾತ್ರಿಗೆ ಇನ್ನೂ ಹೊಂದಿಕೊಂಡಿಲ್ಲವೇನೋ ಎಂದುಕೊಳ್ಳೋಣವೆಂದರೆ, ಜೊತೆಯಲ್ಲೇ ಬಂದ ತಾಯಿಯವರು ನೆಮ್ಮದಿಯಾಗಿ ನಿದ್ರಿಸುತ್ತಿದ್ದಾರೆ. ತಂದೆಯವರಿಗೆ 68 ವರ್ಷ, ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ ತೆಗೆದುಕೊಳ್ಳುತ್ತಾರೆ. ಒಂದೇ ತೊಂದರೆಗೆ ಕೊಡುವ ಎರಡು ಮಾತ್ರೆಗಳ ಪರಿಣಾಮ ಹೀಗೆ ತದ್ವಿರುದ್ಧವಾಗಲು ಕಾರಣವೇನು? ಮಾತ್ರೆಯನ್ನು ಬೆಳಿಗ್ಗೆ ಕೊಟ್ಟರೆ ಸರಿಹೋಗುತ್ತದೆಯೇ?

ಉತ್ತರ 1 (ಫಾರ್ಮಸಿಸ್ಟ್, ಮೈಸೂರು)

ನಿಮ್ಮ ಪ್ರಶ್ನೆಗೆ ಉತ್ತರ ಪೆಟ್ಟಿಗೆಯ ಮೇಲಿನ ಎರಡನೆಯ ಹೆಸರಿನಲ್ಲೇ ಇದೆ. ಲೊರಾಟಡಿನ್ ಸಾಮಾನ್ಯವಾಗಿ ನಿದ್ರೆಯನ್ನು ಕೆಡಿಸುವುದಿಲ್ಲ, ತರಿಸುವುದೂ ಇಲ್ಲ. ಸೂಡೊಎಫೆಡ್ರಿನ್ ಹಾಗಲ್ಲ. ಅದು ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ, ದೇಹವನ್ನು ಚುರುಕುಗೊಳಿಸುವ ರಾಸಾಯನಿಕ ಹೊರಬರುವಂತೆ ಮಾಡುತ್ತದೆ. ಆಗ ಮೂಗಿನ ಒಳಪದರದಲ್ಲಿ ಹಿಗ್ಗಿದ ರಕ್ತನಾಳಗಳು ಕುಗ್ಗಿ, ಊತ ಇಳಿದು, ಉಸಿರಾಟಕ್ಕೆ ದಾರಿಯಾಗುತ್ತದೆ. ಆದರೆ ನುಂಗಿದ ಔಷಧವು ಮೂಗಿನಲ್ಲಿ ಮಾತ್ರ ಕೆಲಸ ಮಾಡಿ ನಿಲ್ಲುವುದಿಲ್ಲ. ಹೃದಯ ಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಸ್ವಲ್ಪ ಏರಬಹುದು, ಮಿದುಳು ಎಚ್ಚರದ ಸ್ಥಿತಿಯಲ್ಲೇ ಉಳಿಯುತ್ತದೆ. ದೇಹದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 5ರಿಂದ 8 ಗಂಟೆ ಬೇಕು. ನಿಮ್ಮ ತಂದೆಯವರು ತೆಗೆದುಕೊಳ್ಳುತ್ತಿರುವುದು ಔಷಧವನ್ನು ನಿಧಾನವಾಗಿ ಬಿಡುಗಡೆ ಮಾಡುವ ಮಾತ್ರೆಯಾದ್ದರಿಂದ ಬೆಳಿಗ್ಗೆ ನುಂಗಿದರೂ ಮಲಗುವ ಹೊತ್ತಿಗೆ ಅದು ರಕ್ತದಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ಸಮಯ ಬದಲಿಸುವುದರಿಂದ ಹೆಚ್ಚಿನ ಪ್ರಯೋಜನವಾಗಲಾರದು.

ಗುರುತಿನ ಚೀಟಿ ಕೇಳುವುದಕ್ಕೆ ಕಾರಣ ಬೇರೆ. ಇದೇ ವಸ್ತುವಿನಿಂದ ಮೆಥಾಂಫೆಟಮಿನ್ ಎಂಬ ಮಾದಕವನ್ನು ತಯಾರಿಸುತ್ತಿದ್ದುದರಿಂದ, 2005ರಲ್ಲಿ ರೂಪುಗೊಂಡ ಕಾನೂನಿನ ಮೂಲಕ ಅಮೆರಿಕದಲ್ಲಿ ಇದರ ಮಾರಾಟಕ್ಕೆ ಮಿತಿ ಹಾಕಲಾಯಿತು.

ಇನ್ನು ಊರಿನ ಮಾತ್ರೆ. ನಮ್ಮ ಅಂಗಡಿಗಳಲ್ಲಿ ನೆಗಡಿಗೆಂದು ಹೆಚ್ಚಾಗಿ ಮಾರಾಟವಾಗುವ ಸ್ಟ್ರಿಪ್‌ಗಳಲ್ಲಿ ಪ್ಯಾರಸಿಟಮಾಲ್, ಫಿನೈಲ್‌ಎಫ್ರಿನ್ ಮತ್ತು ಕ್ಲೋರ್‌ಫೆನಿರಮೀನ್ ಎಂಬ ಮೂರು ಔಷಧಗಳು ಒಟ್ಟಿಗಿರುತ್ತವೆ. ತೂಕಡಿಕೆ ಬರುತ್ತಿದ್ದುದು ಈ ಮೂರನೆಯದರಿಂದ. ಅದು ಹಳೆಯ ತಲೆಮಾರಿನ ಅಲರ್ಜಿ ಔಷಧ, ಮಿದುಳನ್ನು ಸುಲಭವಾಗಿ ತಲುಪಿ ಮಂಪರು ತರಿಸುತ್ತದೆ. ಫಿನೈಲ್‌ಎಫ್ರಿನ್ ಕೂಡ ಮೂಗು ಬಿಡಿಸುವ ಔಷಧವೇ, ಆದರೆ ನುಂಗಿದಾಗ ಅದರ ಬಹುಪಾಲು ಕರುಳು ಮತ್ತು ಯಕೃತ್ತಿನಲ್ಲೇ ನಿಷ್ಕ್ರಿಯವಾಗಿಬಿಡುತ್ತದೆ. ಬಾಯಿಯ ಮೂಲಕ ತೆಗೆದುಕೊಂಡ ಫಿನೈಲ್‌ಎಫ್ರಿನ್‌ನಿಂದ ಮೂಗು ಕಟ್ಟಿದ್ದು ಬಿಡುವುದಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ನೇಮಿಸಿದ ತಜ್ಞರ ಸಮಿತಿ 2023ರ ಸೆಪ್ಟೆಂಬರ್‌ನಲ್ಲಿ ಒಮ್ಮತದಿಂದ ಹೇಳಿತು. 2024ರ ನವೆಂಬರ್‌ನಲ್ಲಿ ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರುವ ಔಷಧಗಳ ಪಟ್ಟಿಯಿಂದ ಕೈಬಿಡುವ ಪ್ರಸ್ತಾಪವನ್ನೂ ಎಫ್‌ಡಿಎ ಮುಂದಿಟ್ಟಿತು. ಊರಿನಲ್ಲಿ ಅವರಿಗೆ ಸಿಗುತ್ತಿದ್ದ ಆರಾಮದಲ್ಲಿ ಇದರ ಪಾಲು ತೀರ ಕಡಿಮೆಯಿದ್ದಿರಬೇಕೆಂದು ನನ್ನ ಅಭಿಪ್ರಾಯ.

ಇದನ್ನು ಓದುತ್ತಿರುವ ಇತರರಿಗೂ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಸಿಗುವ ಕೆಲವು ನೆಗಡಿ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೀನ್ ಬದಲಿಗೆ 30 ಮಿ.ಗ್ರಾಂ ಆಸುಪಾಸು ಕೆಫೀನ್ ಇರುತ್ತದೆ. ಅಂಗಡಿಯವರು ಒಂದರ ಬದಲು ಇನ್ನೊಂದನ್ನು ಕೊಟ್ಟಾಗ ಹೊದಿಕೆಯ ಬಣ್ಣ ನೋಡಿ ಸುಮ್ಮನಾಗದೆ, ಹಿಂಬದಿಯ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಿ.

ಉತ್ತರ 2 (ಕಿವಿ, ಮೂಗು, ಗಂಟಲು ವೈದ್ಯ, ಹುಬ್ಬಳ್ಳಿ)

ಮೇಲಿನ ವಿವರಣೆ ಸರಿಯಾಗಿದೆ. ಆದರೆ ನನಗೆ ನಿದ್ರೆಗಿಂತ ಎದೆ ಡವಗುಟ್ಟುವ ವಿಷಯ ಮುಖ್ಯವೆನಿಸುತ್ತದೆ. ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಸೂಡೊಎಫೆಡ್ರಿನ್ ತೆಗೆದುಕೊಳ್ಳಬಾರದು. ಮಿದುಳಿನ ರಕ್ತನಾಳಗಳಿಗೆ ಸಂಬಂಧಿಸಿದ, ಅಪರೂಪದ ಆದರೆ ಗಂಭೀರವಾದ ತೊಂದರೆಗಳನ್ನು ಗಮನಿಸಿದ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ, ರಕ್ತದೊತ್ತಡ ತೀವ್ರವಾಗಿರುವವರು ಅಥವಾ ಹತೋಟಿಯಲ್ಲಿಲ್ಲದವರು ಹಾಗೂ ಮೂತ್ರಪಿಂಡದ ಕಾಯಿಲೆ ತೀವ್ರವಾಗಿರುವವರು ಇದನ್ನು ಬಳಸಲೇಬಾರದೆಂದು 2024ರಲ್ಲಿ ಎಚ್ಚರಿಸಿದೆ. ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿ, ಮನೆಯಲ್ಲಿ ಬಿ.ಪಿ. ನೋಡಿ, ಅಲ್ಲಿನ ವೈದ್ಯರಿಗೆ ತಿಳಿಸಿ. ಎದೆನೋವು, ಉಸಿರುಗಟ್ಟುವುದು ಅಥವಾ ಇದ್ದಕ್ಕಿದ್ದಂತೆ ತೀವ್ರ ತಲೆನೋವು ಕಾಣಿಸಿಕೊಂಡರೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಈ ವಯಸ್ಸಿನ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿರುವುದು ಸಾಮಾನ್ಯ. ಅಂಥವರಿಗೆ ಈ ಔಷಧದಿಂದ ಮೂತ್ರ ಕಟ್ಟಿಕೊಳ್ಳಲೂಬಹುದು. ರಾತ್ರಿ ಎಚ್ಚರವಾದಾಗ ಮೂತ್ರಕ್ಕೆ ಹೋಗಿ ತಿಣುಕುತ್ತಾರೆಯೇ ಎಂದು ಕೇಳಿ. ಹಿರಿಯರು ಮಕ್ಕಳ ಮುಂದೆ ಇದನ್ನು ತಾವಾಗಿ ಹೇಳಿಕೊಳ್ಳುವುದಿಲ್ಲ.

ನಿದ್ರೆ ಬರುತ್ತದೆಂದು ಊರಿನ ಮಾತ್ರೆಗೆ ಮರಳುವುದೂ ಒಳ್ಳೆಯದಲ್ಲ. 65 ದಾಟಿದವರಲ್ಲಿ ಕ್ಲೋರ್‌ಫೆನಿರಮೀನ್ ಬಾಯಿ ಒಣಗಿಸುತ್ತದೆ, ಗಲಿಬಿಲಿ ಉಂಟುಮಾಡುತ್ತದೆ, ಮೂತ್ರದ ತೊಂದರೆಯನ್ನು ಹೆಚ್ಚಿಸುತ್ತದೆ. ಅದರ ಮಂಪರು ಮರುದಿನಕ್ಕೂ ಉಳಿಯುವುದರಿಂದ ಬಚ್ಚಲಲ್ಲಿ ಜಾರಿ ಬೀಳುವ ಅಪಾಯವೂ ಇದೆ.

ಹಾಗೆಂದು ಕಟ್ಟಿದ ಮೂಗನ್ನು ಹಾಗೆಯೇ ಬಿಟ್ಟರೂ ನಿದ್ರೆ ಬಾರದು. ಮಲಗಿದಾಗ ಮೂಗಿನ ರಕ್ತನಾಳಗಳಲ್ಲಿ ರಕ್ತ ತುಂಬಿಕೊಂಡು ಊತ ಹೆಚ್ಚುವುದರಿಂದ ಹಗಲು ಸರಿಯಿದ್ದ ಮೂಗು ರಾತ್ರಿ ಕಟ್ಟುತ್ತದೆ; ಮಗ್ಗುಲಾದರೆ ಕೆಳಗಿನ ಹೊಳ್ಳೆ ಮೊದಲು ಮುಚ್ಚುತ್ತದೆ. ತಲೆಯ ಕಡೆ ಎತ್ತರವಾಗಿರಲಿ. ಕುದಿಸಿ ಆರಿಸಿದ ನೀರಿನಲ್ಲಿ ಕಲಸಿದ ಉಪ್ಪುನೀರಿನಿಂದ ಸಂಜೆ ಮೂಗು ತೊಳೆಯಲಿ. ನಲ್ಲಿಯ ನೀರನ್ನು ನೇರವಾಗಿ ಬಳಸಬಾರದು. ಸೂಡೊಎಫೆಡ್ರಿನ್ ಬೆರೆಯದ ಬರೀ ಲೊರಾಟಡಿನ್ ಅಲ್ಲೇ ಸಿಗುತ್ತದೆ. ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ ಕೂಡ ಅಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯುತ್ತದೆ, ಪರಾಗದ ಅಲರ್ಜಿಗೆ ಅದೇ ಹೆಚ್ಚು ತಕ್ಕದ್ದು.

ಉತ್ತರ 3 (ಉಡುಪಿ)

ಸ್ಪ್ರೇ ಎಂದ ಕೂಡಲೇ ಜನ ಎಲ್ಲವೂ ಒಂದೇ ಎಂದು ತಿಳಿಯುತ್ತಾರೆ, ಅದಕ್ಕಾಗಿ ಬರೆಯುತ್ತಿದ್ದೇನೆ. ನಮ್ಮ ಯಜಮಾನರು ಜೈಲೊಮೆಟಜೊಲಿನ್ ಹನಿಯನ್ನು ತಿಂಗಳುಗಟ್ಟಲೆ ಬಳಸಿದರು. ಹಾಕಿದ ಕೂಡಲೇ ಮೂಗು ಬಿಡುತ್ತಿತ್ತು, ಔಷಧದ ಪ್ರಭಾವ ಇಳಿದೊಡನೆ ಮೊದಲಿಗಿಂತ ಹೆಚ್ಚಾಗಿ ಕಟ್ಟುತ್ತಿತ್ತು. ಕೊನೆಗೆ ದಿಂಬಿನ ಕೆಳಗೆ ಬಾಟಲಿ ಇಲ್ಲದೆ ಅವರು ಮಲಗುತ್ತಲೇ ಇರಲಿಲ್ಲ. ಈ ಬಗೆಯ ಹನಿಗಳನ್ನೂ, ಆಕ್ಸಿಮೆಟಜೊಲಿನ್ ಸ್ಪ್ರೇಯನ್ನೂ ಮೂರು ದಿನ, ಹೆಚ್ಚೆಂದರೆ ಐದು ದಿನ ಮೀರಿ ಬಳಸಬಾರದೆಂದು ವೈದ್ಯರು ತಿಳಿಸಿದ ಮೇಲೆ, ಸ್ಟೀರಾಯ್ಡ್ ಸ್ಪ್ರೇ ಆರಂಭಿಸಿ ಇದನ್ನು ಬಿಡಿಸಬೇಕಾಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮಾತ್ರೆ ನಿಲ್ಲಿಸಿದೆವು, ಎದೆಬಡಿತ ಮರುದಿನವೇ ಹಿಡಿತಕ್ಕೆ ಬಂದಿದೆ, ನಿದ್ರೆಯೂ ಮರಳುತ್ತಿದೆ. ಇಲ್ಲಿನ ವೈದ್ಯರು ಬಿ.ಪಿ. ನೋಡಿ, ಫ್ಲುಟಿಕಾಸೋನ್ ಸ್ಪ್ರೇಯನ್ನೇ ಹೇಳಿದ್ದಾರೆ. ಎರಡು ದಿನ ಹಾಕಿದರೂ ಏನೂ ಅನ್ನಿಸುತ್ತಿಲ್ಲವೆಂದು ತಂದೆಯವರು ಅದನ್ನು ಬಿಡಬೇಕೆಂದಿದ್ದಾರೆ.

ಉತ್ತರ 2 (ಮತ್ತೆ)

ಬಿಡುವುದು ಬೇಡ. ಅದು ರಕ್ತನಾಳವನ್ನು ತಕ್ಷಣ ಕುಗ್ಗಿಸುವ ಔಷಧವಲ್ಲ, ಉರಿಯೂತವನ್ನು ನಿಧಾನವಾಗಿ ತಗ್ಗಿಸುವಂಥದ್ದು. ಪೂರ್ಣ ಪರಿಣಾಮಕ್ಕೆ ಒಂದೆರಡು ವಾರ ಹಿಡಿಯಬಹುದು. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ, ತುದಿಯು ಮೂಗಿನ ನಡುಗೋಡೆಯತ್ತ ತಿರುಗದಂತೆ ಹಿಡಿದು ಹಾಕಿಕೊಳ್ಳಲಿ. ಹಾಕಿದ ಮೇಲೆ ಜೋರಾಗಿ ಎಳೆದುಕೊಂಡರೆ ಔಷಧ ಗಂಟಲಿಗೆ ಇಳಿದುಹೋಗುತ್ತದೆ, ಮೆಲ್ಲಗೆ ಉಸಿರೆಳೆದರೆ ಸಾಕು.