ಸಹಾಯ ಬೇಕು: ತಂದೆಯವರ ಟ್ಯಾಬ್ಲೆಟ್ ನೆನಪಿನ ಪರೀಕ್ಷೆಯ ಅಂಕವನ್ನು ಎಷ್ಟು ನಂಬಬೇಕು?

76 ವರ್ಷದ ನಮ್ಮ ತಂದೆಯವರಿಗೆ ಕಳೆದ ತಿಂಗಳು ವೈದ್ಯರು ಟ್ಯಾಬ್ಲೆಟ್‌ನಲ್ಲಿ ನೆನಪಿನ ಪರೀಕ್ಷೆ ಮಾಡಿಸಿದರು. ಅಂಕ ವಯಸ್ಸಿಗೆ ತಕ್ಕ ಮಟ್ಟಕ್ಕಿಂತ ಕಡಿಮೆ ಎಂದು ವರದಿ ಬಂದಿದೆ. ಆದರೆ ಅದಕ್ಕೆ ಸ್ವಲ್ಪವೇ ಮೊದಲು ಕಾಗದದ ಮೇಲೆ ಮಾಡಿದ ಮೋಕಾ (ನೆನಪು, ಗಮನ ಮುಂತಾದವನ್ನು ನೋಡುವ ಚಿಕ್ಕ ಪರೀಕ್ಷೆ) ಪರೀಕ್ಷೆಯಲ್ಲಿ ಅವರಿಗೆ 30ಕ್ಕೆ 27 ಬಂದಿತ್ತು. ಅದರಲ್ಲಿ 26 ಅಥವಾ ಹೆಚ್ಚು ಬಂದರೆ ಸಾಮಾನ್ಯವೆಂದೇ ಪರಿಗಣಿಸುತ್ತಾರೆ.

ಥೈರಾಯ್ಡ್ ಮತ್ತು ಬಿ12 ಕೊರತೆಯಿಂದಲೂ ಮರೆವು ಬರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದೆವು, ಎರಡೂ ಸರಿಯಾಗಿವೆ. ಆರು ತಿಂಗಳ ನಂತರ ಮತ್ತೆ ನೋಡೋಣ ಎಂದಷ್ಟೇ ವೈದ್ಯರು ಹೇಳಿದ್ದಾರೆ. ಅಷ್ಟು ದಿನ ಈ ಆತಂಕದಲ್ಲೇ ಇರುವುದು ನಮಗೆ ಕಷ್ಟವಾಗಿದೆ.

ನನ್ನ ಗೊಂದಲವಿರುವುದು ಒಂದೇ ಕಡೆ. ಟ್ಯಾಬ್ಲೆಟ್ ಪರೀಕ್ಷೆ ಉತ್ತರದ ಸರಿತಪ್ಪನ್ನಷ್ಟೇ ಅಲ್ಲದೆ, ಪರದೆ ಮುಟ್ಟಲು ತಗುಲಿದ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತಂದೆಯವರು ಟಚ್‌ಸ್ಕ್ರೀನ್ ಬಳಸಿದವರೇ ಅಲ್ಲ, ಬಲಗೈ ಸ್ವಲ್ಪ ನಡುಗುತ್ತದೆ. ಸರಿಯಾದ ಉತ್ತರವನ್ನು ಬಾಯಲ್ಲಿ ಹೇಳುತ್ತಲೇ ಬೆರಳನ್ನು ಪಕ್ಕದ ಚಿತ್ರದ ಮೇಲಿಟ್ಟದ್ದನ್ನು ನಾನೇ ಜೊತೆಯಲ್ಲಿ ಕುಳಿತು ನೋಡಿದ್ದೇನೆ. ವರದಿಯಲ್ಲಿರುವುದು ಮಾತ್ರ ಒಂದೇ ಒಟ್ಟು ಅಂಕ.

ನೆನಪಿನ ಅಂಕವನ್ನೂ ವೇಗದ ಅಂಕವನ್ನೂ ಬೇರೆಬೇರೆಯಾಗಿ ಕೊಡಿ ಎಂದು ವೈದ್ಯರನ್ನು ಕೇಳಬಹುದೇ? ಅಥವಾ ಆರು ತಿಂಗಳು ಕಾಯದೆ ನರಮನೋವಿಜ್ಞಾನ ತಜ್ಞರಿಂದ ವಿವರವಾದ ಪರೀಕ್ಷೆ ಮಾಡಿಸುವುದೇ ಸರಿಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.