ಅರ್ಧ ಗೂಡು ಎಲ್ಲಿ ಹೋಯ್ತು?

ಮಂಡ್ಯ ಹೈಸ್ಕೂಲು ಗೆಳೆಯರು – ವಾಟ್ಸಾಪ್ ಗುಂಪು

ರವಿ: ನಮ್ಮ ಏಳನೇ ಕ್ಲಾಸಿನ ಗೀಜಗನ ಕಥೆ ಸಿಕ್ತು ಕಣ್ರೋ! ಯಾರೋ ಟೈಪ್ ಮಾಡಿದಾರೆ, ಮೇಲೆ ಹಾಕಿದೀನಿ, ಓದಿ.

ಶೋಭಾ: ಎಷ್ಟು ವರ್ಷ ಆಗಿತ್ತೋ ಇದನ್ನ ಓದಿ! ಗೂಡಿನ ಮಣ್ಣಿಗೆ ಮಿಂಚುಹುಳ ಅಂಟಿಸಿ ದೀಪ ಮಾಡ್ಕೊಳ್ಳೋ ಸಾಲು ಎಷ್ಟು ಚೆಂದ.

ಸ್ವಾಮಿ: ಆ ಸಾಲು ನಮ್ಮ ಪಾಠದಲ್ಲಿ ಇರ್ಲಿಲ್ಲ. ‘ತಾಯಿಹಕ್ಕಿ ಒಂಟಿಯಾಗಿ ಗೂಡು ಹೆಣೆಯಿತು’ ಅನ್ನೋದೂ ಇರ್ಲಿಲ್ಲ. ಹೆಣೆಯೋದು ಗಂಡು, ಮಳೆಗಾಲದಲ್ಲಿ ನೆತ್ತಿ ಹಳದಿಯಾಗುತ್ತಲ್ಲ, ಅದು.

ಶೋಭಾ: ಕಥೆ ಕಣೋ ಅದು. ಮಿಂಚುಹುಳದ ಮಾತನ್ನ ಹಳ್ಳೀಲಿ ಈಗಲೂ ಹೇಳ್ತಾರೆ. ಇದ್ರೆ ಏನು ತಪ್ಪು?

ಸ್ವಾಮಿ: ಹೇಳ್ತಾರೆ, ಇಲ್ಲ ಅನ್ನಲ್ಲ. ಗೂಡಿನ ಒಳಗೆ ಹಸಿಮಣ್ಣು ಮೆತ್ತಿರುತ್ತೆ, ಅದನ್ನ ನೋಡಿ ಹುಟ್ಟಿದ ಮಾತು. ‘ಅಜ್ಜಿ ಹೇಳ್ತಿದ್ಲು’ ಅಂತ ಬರೆದಿದ್ರೆ ನಾನು ಚಕಾರ ಎತ್ತುತ್ತಿರ್ಲಿಲ್ಲ. ಆದ್ರೆ ಇದನ್ನ ತುರುಕೋಕೆ ಅರ್ಧ ಗೂಡನ್ನೇ ಕಿತ್ತುಹಾಕಿದಾರೆ!

ರವಿ: ಯಾವ ಅರ್ಧ ಗೂಡು?

ಸ್ವಾಮಿ: ಬಾವಿ ಮೇಲೆ ಬಾಗಿದ ಈಚಲು ಮರದ್ದು. ಗಂಡು ಭತ್ತದ ಗರೀನೋ ಕಬ್ಬಿನ ಗರೀನೋ ಅಂಚಲ್ಲಿ ಕಚ್ಚಿ, ಹಾರ್ತಾ ಉದ್ದಕ್ಕೆ ಸೀಳಿಕೊಳ್ಳುತ್ತೆ. ನಮ್ಮ ವಿಶ್ವೇಶ್ವರಯ್ಯ ನಾಲೆ ಬಯಲಲ್ಲಿ ಆ ಗರಿಗೇನು ಬರ? ಒಂದು ಗೂಡಿಗೆ ನೂರಾರು ಸಲ ಓಡಾಡ್ಬೇಕು. ಮೊದಲು ಈಚಲ ಗರಿಗೆ ಗಂಟು, ಆಮೇಲೆ ಉಂಗುರ, ಆಮೇಲೆ ಟೋಪಿ ಥರ. ಅಲ್ಲಿಗೆ ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣನ್ನ ಕರೆಯುತ್ತೆ. ಅದು ಬಂದು ನೋಡಿ ಒಪ್ಪಿದ್ರೆ ಮಾತ್ರ ಮೊಟ್ಟೆ ಕೋಣೆ, ಕೆಳಗಿನ ಕೊಳವೆ. ಒಪ್ಪದಿದ್ರೆ ಟೋಪಿ ಅಲ್ಲೇ ನೇತಾಡುತ್ತೆ, ಗಂಡು ಇನ್ನೊಂದು ಗಂಟು ಹಾಕುತ್ತೆ. ಪಾಠದ ಹುಡುಗ ಕೇಳೋದೇ ಅದು, ‘ಇದನ್ಯಾಕೆ ಮುಗಿಸ್ಲಿಲ್ಲ?’ ಅಂತ.

ಶೋಭಾ: ಹೌದು, ನೆನಪಾಯ್ತು. ಅದನ್ನ ಬಿಟ್ರೆ ಕಥೇಲಿ ಏನೂ ಉಳಿಯಲ್ಲ. ಆದ್ರೂ ತಾಯೀನ ಪೂರ್ತಿ ತಳ್ಳಿಹಾಕ್ಬೇಡ. ಒಳಗೆ ಮೆತ್ತೆ ಹಾಸೋದು, ಸುಮಾರು ಎರಡು ವಾರ ಕಾವು ಕೊಡೋದು ಹೆಣ್ಣೇ. ಅಷ್ಟೊತ್ತಿಗೆ ಗಂಡು ಬೇರೆ ಗೂಡು ಶುರು ಮಾಡಿರುತ್ತೆ.

ಸ್ವಾಮಿ: ಅದು ಸರಿ, ಒಪ್ಪಿದೆ.

ಮಂಜುಳಾ: ಪುಸ್ತಕ ನಮ್ಮನೇಲಿದೆ. ಆ್ಯಪಲ್ಲಿ ಅಕ್ಷರಕ್ಕೆ ತಿರುಗಿಸಿದ್ರೆ ಒತ್ತಕ್ಷರ ಎಲ್ಲಾ ತಪ್ಪು ಬರ್ತಿದೆ.

ಸ್ವಾಮಿ: ಪುಟದ ಫೋಟೋನೇ ಹಾಕು. ಫ್ಲ್ಯಾಶ್ ಬೇಡ, ಹಾಳೆ ಹೊಳೆಯುತ್ತೆ. ಕಿಟಕಿ ಬೆಳಕು ಸಾಕು. ತೆಳು ಕಾಗದ, ಹಿಂದಿನ ಅಚ್ಚು ಮೂಡುತ್ತೆ, ಅಡಿಗೊಂದು ಕಪ್ಪು ರಟ್ಟು ಇಡು. ಡಾಕ್ಯುಮೆಂಟ್ ಅಂತ ಕಳಿಸು, ಫೋಟೋ ಅಂತ ಕಳಿಸಿದ್ರೆ ವಾಟ್ಸಾಪ್ ಕುಗ್ಗಿಸಿ ಅಕ್ಷರ ಮಸುಕಾಗುತ್ತೆ.

ಶೋಭಾ: ಬರೆದವರ ಹೆಸರಿರೋ ಪುಟ ಮೊದಲು ಹಾಕೇ. ಈ ಫಾರ್ವರ್ಡಲ್ಲಿ ಅದೂ ಇಲ್ಲ.

ಮಂಜುಳಾ: ಹಾಕಿದೀನಿ, ನೋಡಿ. ಅರ್ಧ ಗೂಡು ಕೊನೇ ಪುಟದಲ್ಲಿದೆ, ಚಿತ್ರಾನೂ ಇದೆ. ಗೂಡೆಲ್ಲಾ ಮರದ ಒಂದೇ ಪಕ್ಕಕ್ಕೆ, ಸೂರ್ಯ ಹುಟ್ಟೋ ಕಡೆಗೆ ಬರೆದಿದಾರೆ, ಯಾಕೆ?

ಸ್ವಾಮಿ: ಮುಂಗಾರು ಗಾಳಿ ಪಡುವಣದಿಂದ ಬೀಸುತ್ತೆ, ಮರವೇ ಅಡ್ಡ ನಿಲ್ಲಲಿ ಅಂತ ಮೂಡಣಕ್ಕೆ ಕಟ್ಟುತ್ತೆ. ಚಿತ್ರ ಬರೆದವರು ಹಕ್ಕೀನ ನೋಡೇ ಬರೆದಿದಾರೆ.

ರವಿ: ಫಾರ್ವರ್ಡ್ ಡಿಲೀಟ್ ಮಾಡ್ದೆ.