ಜರ್ಮನಿ ಬ್ಲೂ ಕಾರ್ಡ್: ಅರ್ಜಿ ಗಟ್ಟಿಯಾಗಿರಲು ನೀವೇನು ಮಾಡಿದಿರಿ?

ಬನಶಂಕರಿಯಿಂದ: ನಾನು ವಿಟಿಯು ಬಿಇ. ಬೆಂಗಳೂರಿನಲ್ಲಿ ಏಳು ವರ್ಷದಿಂದ ಸಾಫ್ಟ್‌ವೇರ್ ಕೆಲಸ. ಮ್ಯೂನಿಕ್‌ನಿಂದ ಆಫರ್ ಬಂದಿದೆ. ಬ್ಲೂ ಕಾರ್ಡ್, ಅಂದರೆ ಡಿಗ್ರಿ ಓದಿದ ವಿದೇಶಿಯರಿಗೆ ಅಲ್ಲಿ ಕೆಲಸ ಮಾಡಲು ಕೊಡುವ ಪರವಾನಗಿ, ಅದರ ವೀಸಾಗೆ ಪೇಪರ್ ಹೇಗೆ ಜೋಡಿಸಬೇಕು? ಏಜೆಂಟ್ ಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ರಾಜಾಜಿನಗರದಿಂದ: ಮೊದಲು ನಿಮ್ಮ ಹೆಸರು ನೋಡಿಕೊಳ್ಳಿ. ನಮ್ಮ ಕಡೆಯವರಿಗೆ ಇದೇ ದೊಡ್ಡ ತೊಡಕು. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಡಿಗ್ರಿಯಲ್ಲಿ ಹೆಸರಿನ ಕೊನೆಗೆ. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎರಡನ್ನೂ ಬಿಡಿಸಿ ಬರೆದಿದ್ದಾರೆ. ನಮಗೆ ಎಲ್ಲಾ ಒಂದೇ. ಪರಿಚಯವಿಲ್ಲದವರು ನೋಡಿದರೆ ಮೂರು ಜನ ಅನ್ಸುತ್ತೆ, ಅಲ್ವಾ? ಇವೆಲ್ಲಾ ಒಬ್ಬನದೇ ಹೆಸರು ಅಂತ ನೋಟರಿ ಹತ್ತಿರ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿ ಫೈಲಿಗೆ ಸೇರಿಸಿದೆ. ಕಂಪನಿಗೂ ಹೇಳಿ ಕಾಂಟ್ರ್ಯಾಕ್ಟಿನಲ್ಲಿ ಪಾಸ್‌ಪೋರ್ಟಿನಂತೆಯೇ ಹೆಸರು ಹಾಕಿಸಿದೆ.

ಆಮೇಲೆ ಅನುಭವ ಪತ್ರ. ನಾನು ಓದಿದ್ದು ಮೆಕ್ಯಾನಿಕಲ್, ಮಾಡುವುದು ಸಾಫ್ಟ್‌ವೇರ್. ಹಾಗಾಗಿ ಇದೇ ನನಗೆ ಆಧಾರ. ಹಳೇ ಕಂಪನಿಯವರು ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು ಅಂತ ಎರಡು ಸಾಲು ಕೊಟ್ಟು ಕೈ ತೊಳೆದುಕೊಂಡಿದ್ದರು. ಬಿಡಲಿಲ್ಲ. ಮಾಡಿದ ಕೆಲಸ, ಬಳಸಿದ ತಂತ್ರಜ್ಞಾನ ಎಲ್ಲಾ ನಾನೇ ಬರೆದು ಕಳಿಸಿದೆ. ಹಳೇ ಮ್ಯಾನೇಜರ್ ಓದಿ, ಎಚ್‌ಆರ್‌ಗೆ ಹೇಳಿ ಲೆಟರ್‌ಹೆಡ್ಡಿನಲ್ಲಿ ಹಾಕಿಸಿಕೊಟ್ಟರು. ಇದಕ್ಕೆ ಜಾಸ್ತಿ ಸಮಯ ಹಿಡಿಯುತ್ತೆ, ಇವತ್ತೇ ಶುರು ಮಾಡಿ.

ಡಿಗ್ರಿಗೆ ಅನಾಬಿನ್ ಜಾಲತಾಣ ನೋಡಿ, ಹೊರದೇಶದ ಯಾವ ಡಿಗ್ರಿಗೆ ಜರ್ಮನಿಯಲ್ಲಿ ಮಾನ್ಯತೆ ಇದೆ ಅಂತ ಅದರಲ್ಲಿರುತ್ತೆ. ನಿಮ್ಮ ವಿಶ್ವವಿದ್ಯಾಲಯದ ಮುಂದೆ ಎಚ್ ಪ್ಲಸ್ (H+) ಅನ್ನುವ ಮಾನ್ಯತೆಯ ಗುರುತು ಇರಬೇಕು, ನಿಮ್ಮ ಡಿಗ್ರಿಯೂ ಪಟ್ಟಿಯಲ್ಲಿರಬೇಕು. ಎರಡನ್ನೂ ಪ್ರಿಂಟ್ ತೆಗೆದಿಡಿ. ಪಟ್ಟಿಯಲ್ಲಿ ಡಿಗ್ರಿ ಸಿಗದಿದ್ದರೆ ಜರ್ಮನಿಯ ಜಡ್‌ಎಬಿ ಅನ್ನುವ ಕಚೇರಿಯಿಂದ, ಅದು ಅಲ್ಲಿನ ಯಾವ ಡಿಗ್ರಿಗೆ ಸಮ ಅಂತ ಹೇಳುವ ಹೋಲಿಕೆ ಪತ್ರ ತರಿಸಬೇಕು.

ಮಲ್ಲೇಶ್ವರದಿಂದ: ನನ್ನದು ಸಂಬಳದ ವಿಷಯಕ್ಕೆ ನಿಂತಿತ್ತು. ಕಾಂಟ್ರ್ಯಾಕ್ಟಿನಲ್ಲಿ ಒಂದು ಮೊತ್ತ, ಕಂಪನಿ ತುಂಬಿದ ಉದ್ಯೋಗ ಘೋಷಣೆಯ ಫಾರ್ಮಿನಲ್ಲಿ ಇನ್ನೊಂದು. ಬೋನಸ್ ಸೇರಿಸಿಬಿಟ್ಟಿದ್ದರು. ಹೊಸ ಫಾರ್ಮ್ ತರಿಸಿಕೊಡಬೇಕಾಯಿತು. ನೀವು ಕಳಿಸುವ ಮೊದಲೇ ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿ. 2025ರಲ್ಲಿ ಬ್ಲೂ ಕಾರ್ಡಿಗೆ ವರ್ಷಕ್ಕೆ ಕನಿಷ್ಠ 48,300 ಯೂರೋ ಬೇಕಿತ್ತು, ಐಟಿಯಂಥ ಜನ ಸಾಲದ ಕೆಲಸಗಳಿಗೆ 43,759.80. ಪ್ರತಿ ವರ್ಷ ಬದಲಾಗುತ್ತೆ, ನಿಮ್ಮ ವರ್ಷದ ಲೆಕ್ಕ ನೋಡಿ.

ಏಜೆಂಟ್ ಬೇಡ. ನನ್ನ ತಮ್ಮ ದುಡ್ಡು ಕೊಟ್ಟ. ಅರ್ಜಿ ಜೊತೆಗೆ ಇಡಲು ಏಜೆಂಟ್ ಬರೆದ ಪತ್ರದಲ್ಲಿ ಅವನ ಕೆಲಸದ ಬಗ್ಗೆ ಒಂದು ಮಾತೂ ಇರಲಿಲ್ಲ. ನಿಮ್ಮ ಕೆಲಸ ನಿಮಗೇ ಚೆನ್ನಾಗಿ ಗೊತ್ತು, ನೀವೇ ಬರೆಯಿರಿ. ಆ ದುಡ್ಡಿನಲ್ಲಿ ಇಂದಿರಾನಗರದಲ್ಲಿರುವ ಜರ್ಮನ್ ಕಲಿಸುವ ಸಂಸ್ಥೆ ಗೊಯ್ಟೆಯಲ್ಲಿ ಭಾಷೆ ಕಲಿಯಿರಿ. ವೀಸಾಗೆ ಕೇಳುವುದಿಲ್ಲ, ನಿಜ. ಆದರೆ ಬ್ಲೂ ಕಾರ್ಡಿನವರಿಗೆ ಜರ್ಮನ್ ಭಾಷೆಯಲ್ಲಿ ಬಿ1, ಅಂದರೆ ಮಧ್ಯಮ ಮಟ್ಟ ಇದ್ದರೆ 21 ತಿಂಗಳಿಗೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ಆರಂಭದ ಎ1 ಮಟ್ಟ ಆದರೆ 27 ತಿಂಗಳಿಗೆ.

ಬನಶಂಕರಿಯಿಂದ: ಇಬ್ಬರಿಗೂ ತುಂಬಾ ಧನ್ಯವಾದ. ಈಗಷ್ಟೇ ಬೀರು ತೆಗೆದು ನೋಡಿದೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಊರಿನ ಇನಿಷಿಯಲ್ಲೇ ಇಲ್ಲ. ನಾಳೆ ಬೆಳಿಗ್ಗೆಯೇ ನೋಟರಿ ಹತ್ತಿರ ಹೋಗುತ್ತೇನೆ.